ಹಳೆಯ ಕಾರಿನ ಬೆಳಗಿನ ಕೆಮ್ಮು

ಮಾರ್ಗಶಿರ ಮಾಸದ ಒಂದು ಭಾನುವಾರದ ಬೆಳಗು. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಹಾಲಿನವನು ಬಂದು ಹೋಗಿದ್ದಾನೆ. ಮನೆಗಳ ಮುಂದೆ ರಂಗೋಲಿ ಬಿದ್ದಿದೆ. ಅಷ್ಟರಲ್ಲಿ ಒಂದು ಮನೆಯ ಮೋಟಾರು ಷೆಡ್ಡಿನಿಂದ ಬೀದಿಗೆಲ್ಲ ಪರಿಚಿತವಾದ ಶಬ್ದವೊಂದು ಹೊರಡುತ್ತದೆ. ಮೊದಲು ದೀರ್ಘವಾದ ನರಳಾಟ, ಆಮೇಲೆ ನಾಲ್ಕಾರು ಕೆಮ್ಮು, ಬಳಿಕ ಮೌನ. ಮತ್ತೆ ನರಳಾಟ, ಮತ್ತೆ ಕೆಮ್ಮು. ಅಡಿಗೆಮನೆಯಲ್ಲಿ ಕಾಫಿ ಸೋಸುತ್ತಿರುವ ಗೃಹಿಣಿ, "ಇವತ್ತೂ ಹಠ ಹಿಡಿಯಿತು" ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಾರೆ. ನಿವೃತ್ತರಾದ ಯಜಮಾನರು ಹಣೆಯ ಬೆವರೊರೆಸಿಕೊಂಡು, "ಐವತ್ತು ವರ್ಷದ ಗಾಡಿ, ಇಷ್ಟು ಹೊತ್ತು ಹಿಡಿಯುವುದು ಸಹಜವೇ" ಎಂದು ಸಮಾಧಾನ ತಂದುಕೊಳ್ಳುತ್ತಾರೆ. ರಜೆಗೆ ಬಂದಿರುವ ಮಗ ಬಾಗಿಲಲ್ಲಿ ನಿಂತು, "ಅಪ್ಪ, ಇಂಜಿನ್ನೇ ಹೋಗಿದೆ. ಗುಜರಿಗೆ ಕೊಟ್ಟುಬಿಡಿ" ಎನ್ನುತ್ತಾನೆ.

ತಂದೆ ಹೇಳಿದ್ದೂ ಸರಿಯಲ್ಲ, ಮಗ ಹೇಳಿದ್ದೂ ಸರಿಯಲ್ಲ. ವಯಸ್ಸಾದ ಮಾತ್ರಕ್ಕೆ ಇಂಜಿನ್ನು ನಿಧಾನವಾಗಿ ಎಚ್ಚರಗೊಳ್ಳಬೇಕೆಂಬ ನಿಯಮವಿಲ್ಲ. ನಿಧಾನವಾಗಿ ಎಚ್ಚರಗೊಂಡ ಮಾತ್ರಕ್ಕೆ ಅದರ ಆಯುಸ್ಸು ಮುಗಿಯಿತೆಂಬ ಅರ್ಥವೂ ಇಲ್ಲ. ಆ ಕೆಮ್ಮು ನಾಡಿಯಿದ್ದ ಹಾಗೆ. ಹಿಡಿದು ನೋಡಬಲ್ಲವರಿಗೆ ಅದು ಕಾರಿನ ಆರೋಗ್ಯವನ್ನೆಲ್ಲ ತಿಳಿಸುತ್ತದೆ.

ಎಷ್ಟು ಹೊತ್ತು ಸಲ್ಲುತ್ತದೆ?

ಮೊದಲು ಲೆಕ್ಕವನ್ನು ಹೇಳಿಬಿಡುವುದು ಒಳ್ಳೆಯದು. ಕಾರ್ಬುರೇಟರ್ ಉಳ್ಳ ಹಳೆಯ ಪೆಟ್ರೋಲ್ ಕಾರು ಸುಸ್ಥಿತಿಯಲ್ಲಿದ್ದರೆ, ಒಮ್ಮೆ ಓಡಿ ಬೆಚ್ಚಗಾಗಿರುವಾಗ ಸ್ಟಾರ್ಟರ್ ತಿರುಗಿಸಿದ 1 ಅಥವಾ 2 ಸೆಕೆಂಡುಗಳಲ್ಲಿ ಇಂಜಿನ್ನು ಹಿಡಿಯತಕ್ಕದ್ದು. ರಾತ್ರಿಯೆಲ್ಲ ತಣ್ಣಗೆ ನಿಂತ ಕಾರು ಚೋಕ್ ಎಳೆದಾಗ 2ರಿಂದ 5 ಸೆಕೆಂಡುಗಳಲ್ಲಿ ಹಿಡಿದರೆ ದೂರಲು ಕಾರಣವಿಲ್ಲ. ವಾರಗಟ್ಟಲೆ ಕದಲದೆ ನಿಂತ ಕಾರಿಗೆ ಒಟ್ಟು 10ರಿಂದ 20 ಸೆಕೆಂಡುಗಳಷ್ಟು ಬೇಕಾಗಬಹುದು. ಅದನ್ನು ಕಂತುಗಳಲ್ಲಿ ಕೊಡಬೇಕು. ದಿನವೂ ಓಡುವ ಕಾರು ದಿನವೂ 10 ಸೆಕೆಂಡು ನರಳುವುದಾದರೆ ಅದು ವಯಸ್ಸಿನ ಗುಣವಲ್ಲ, ರೋಗ.

ಈ ಅಂಕಿಗಳ ಹಿಂದೆ ಸರಳವಾದ ಗಣಿತವಿದೆ. ನಾಲ್ಕು ಸಿಲಿಂಡರುಗಳ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರೂ ಎರಡು ಸುತ್ತಿಗೊಮ್ಮೆ ಉಸಿರೆಳೆದು, ಒತ್ತಿ, ಉರಿದು, ಹೊಗೆಯುಗುಳುತ್ತದೆ. ಎಂದರೆ ಪ್ರತಿ ಸುತ್ತಿಗೂ ಎರಡು ಸಿಲಿಂಡರುಗಳಿಗೆ ಉರಿಯುವ ಸರದಿ ಬರುತ್ತದೆ. ಸ್ಟಾರ್ಟರು ಇಂಜಿನ್ನನ್ನು ನಿಮಿಷಕ್ಕೆ 120 ಸುತ್ತಿನಂತೆ ತಿರುಗಿಸುತ್ತಿದ್ದರೆ ಸೆಕೆಂಡಿಗೆ ಎರಡು ಸುತ್ತು, ನಾಲ್ಕು ಸರದಿ. ಮೂರು ಸೆಕೆಂಡುಗಳಲ್ಲಿ ಹನ್ನೆರಡು ಬಾರಿ ಇಂಜಿನ್ನಿಗೆ ಅವಕಾಶ ದೊರೆಯಿತು. ಮೊದಲ ಕೆಲವು ಸರದಿಗಳಲ್ಲಿ ಬರಿಯ ಗಾಳಿ ಒಳಗೆ ಹೋಗುತ್ತದೆ. ಪೆಟ್ರೋಲಿನ ಹನಿಗಳು ತಣ್ಣನೆಯ ಕೊಳವೆಯ ಗೋಡೆಗೆ ಅಂಟಿಕೊಂಡು ನಿಲ್ಲುತ್ತವೆ. ಅದಾದ ಮೇಲೆ ಹದವಾದ ಮಿಶ್ರಣ ಬಂದೇ ಬರಬೇಕು, ಕಿಡಿ ತಾಗಲೇಬೇಕು. ಹತ್ತು ಸೆಕೆಂಡು ತಿರುಗಿಸಿದರೆ ನಲವತ್ತು ಸರದಿಗಳು ಕಳೆದುಹೋದಂತೆ. ನಲವತ್ತು ಸಲ ಕರೆದರೂ ಓಗೊಡದವನಿಗೆ ನಿದ್ದೆಯೊಂದೇ ಕಾರಣವಾಗಿರಲಾರದು.

ಚಳಿಯ ನೆಪವೂ ನಮ್ಮ ನಾಡಿನಲ್ಲಿ ಹೆಚ್ಚು ದೂರ ಸಾಗದು. ಹಿಮ ಬೀಳುವ ದೇಶಗಳಲ್ಲಿ ಎಣ್ಣೆ ಗಟ್ಟಿಯಾಗಿ ಇಂಜಿನ್ನೇ ತಿರುಗಲೊಲ್ಲದು. ಬ್ಯಾಟರಿಯ ಶಕ್ತಿಯೂ ಕುಗ್ಗುತ್ತದೆ. ಅಲ್ಲಿ ಬರೆದ ಪುಸ್ತಕಗಳು ಹೆಚ್ಚು ಹೊತ್ತನ್ನು ಅನುಮತಿಸಿದ್ದರೆ ಅದು ಅಲ್ಲಿಯ ಹವೆಗೆ ತಕ್ಕ ಮಾತು. ಮೈಸೂರಿನ ಮಾಗಿಯ ಚಳಿ ಮನುಷ್ಯನಿಗೆ ಶಾಲು ಹೊದಿಸಬಲ್ಲುದೇ ಹೊರತು ಇಂಜಿನ್ನಿನ ಕೈಕಾಲು ಕಟ್ಟಲಾರದು.

ಕೈಬಲದಿಂದ ವಿದ್ಯುದ್ಬಲಕ್ಕೆ

ಇಂದು ಬೆರಳ ತುದಿಯಲ್ಲಿ ಮುಗಿಯುವ ಈ ಕೆಲಸ ಒಂದು ಕಾಲದಲ್ಲಿ ತೋಳಿನದಾಗಿತ್ತು. ಕಾರಿನ ಮೂತಿಯ ರಂಧ್ರದಲ್ಲಿ ಕಬ್ಬಿಣದ ಹಿಡಿಕೆಯನ್ನು ತೂರಿಸಿ ಇಂಜಿನ್ನನ್ನು ಕೈಯಿಂದ ತಿರುಗಿಸಬೇಕಾಗಿತ್ತು. ಕಿಡಿ ಸ್ವಲ್ಪ ಮುಂಚಿತವಾಗಿ ಬಿದ್ದರೆ ಇಂಜಿನ್ನು ಹಿಂದಕ್ಕೆ ಒದೆಯುತ್ತಿತ್ತು. ಹಿಡಿಕೆ ಕೈಗೆ ಬಡಿದು ಮಣಿಕಟ್ಟಿನ ಬಳಿಯ ಮೂಳೆ ಮುರಿಯುತ್ತಿತ್ತು. ಇಂಥ ಅಪಘಾತಗಳು ಎಷ್ಟು ಸಾಮಾನ್ಯವಾಗಿದ್ದುವೆಂದರೆ, ಆ ಬಗೆಯ ಮೂಳೆಮುರಿತಕ್ಕೆ ವೈದ್ಯಗ್ರಂಥಗಳಲ್ಲಿ ಇಂದಿಗೂ 'ಷೋಫರನ ಮುರಿತ' ಎಂಬ ಹೆಸರೇ ಉಳಿದುಕೊಂಡಿದೆ.

ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಈ ಕಷ್ಟಕ್ಕೆ ಪರಿಹಾರ ಕಂಡವನು. ಆತನ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಇಂಜಿನ್ನನ್ನು ತಿರುಗಿಸಬಲ್ಲಷ್ಟು ದೊಡ್ಡ ಮೋಟಾರನ್ನು ಕಾರಿನಲ್ಲಿ ಹೊತ್ತೊಯ್ಯುವುದು ಅಸಾಧ್ಯವೆಂದು ಆಗ ಅನೇಕರು ತಿಳಿದಿದ್ದರು. ಆದರೆ ಕೆಟರಿಂಗ್ ಅದಕ್ಕೆ ಮುಂಚೆ ಅಂಗಡಿಗಳ ಹಣದ ಪೆಟ್ಟಿಗೆಗೆ, ಗುಂಡಿಯೊತ್ತಿದೊಡನೆ ಕೆಲಸಮಾಡುವ ಪುಟ್ಟ ವಿದ್ಯುತ್ ಮೋಟಾರನ್ನು ಅಳವಡಿಸಿದ್ದನು. ಕ್ಷಣಕಾಲ ಮಾತ್ರ ದುಡಿದು ಕೂಡಲೇ ವಿಶ್ರಮಿಸುವ ಮೋಟಾರು ತನ್ನ ಗಾತ್ರಕ್ಕೆ ಮೀರಿದ ಭಾರವನ್ನು ಎಳೆಯಬಲ್ಲುದೆಂಬುದು ಅಲ್ಲಿ ಅವನು ಕಲಿತ ಪಾಠ. ಕಾರಿನ ಸ್ಟಾರ್ಟರು ಹುಟ್ಟಿದ್ದೇ ಈ ತತ್ವದ ಮೇಲೆ. ಆದುದರಿಂದ ಅದನ್ನು ಅರ್ಧ ನಿಮಿಷ ಎಡೆಬಿಡದೆ ತಿರುಗಿಸುವವರು ಅದರ ಹುಟ್ಟುಗುಣಕ್ಕೆ ವಿರುದ್ಧವಾಗಿ ನಡೆಯುತ್ತಿರುತ್ತಾರೆ.

ಸ್ಟಾರ್ಟರು ಬಂದ ಮೇಲೂ ಹಿಡಿಕೆ ಬಹುಕಾಲ ಕಾರಿನ ಡಿಕ್ಕಿಯಲ್ಲಿ ಉಳಿದಿತ್ತು. ಬಂಗಾಳದ ಉತ್ತರಪಾಡದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನ ಹಳೆಯ ಮಾದರಿಗಳಲ್ಲಿ ಮುಂದಿನ ಬಂಪರಿನ ನಡುವೆ ಅದಕ್ಕೆಂದೇ ರಂಧ್ರವಿರುತ್ತಿತ್ತು. ಊರಿಗೆ ಒಂದೋ ಎರಡೋ ಕಾರುಗಳಿದ್ದ ದಿನಗಳಲ್ಲಿ ಈ ಹಿಡಿಕೆಗೆ ಬಲುಬೆಲೆ. ನಡುರಾತ್ರಿ ಹೆರಿಗೆಗೆ ಕರೆ ಬಂದರೆ ಕಾರು ಎದ್ದೇಳುವುದು ಎರಡು ಜೀವಗಳ ಪ್ರಶ್ನೆಯಾಗಿತ್ತು. ಮಲೆನಾಡಿನ ಕಡೆ ಕಾರನ್ನು ರಾತ್ರಿ ಇಳಿಜಾರಿಗೆ ಮುಖಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಮಲಗುವ ಪದ್ಧತಿ ಬೆಳೆದದ್ದು ಇದೇ ಭಯದಿಂದ. ಬ್ಯಾಟರಿ ಕೈಕೊಟ್ಟರೆ ಕಲ್ಲು ತೆಗೆದರಾಯಿತು, ಭೂಮಿತಾಯಿಯೇ ಸ್ಟಾರ್ಟರು.

ಕಿವಿಯಿಂದ ರೋಗನಿದಾನ

ಪೆಟ್ರೋಲ್ ಇಂಜಿನ್ನು ಹಿಡಿಯಲು ಮುಖ್ಯವಾಗಿ ಮೂರು ಸಂಗತಿಗಳು ಕೂಡಿಬರಬೇಕು: ಸಾಕಷ್ಟು ವೇಗದ ತಿರುಗಾಟ, ಸಕಾಲದಲ್ಲಿ ಬಲವಾದ ಕಿಡಿ, ಹದವಾದ ಮಿಶ್ರಣ. ಇವುಗಳಲ್ಲಿ ಯಾವುದು ತಪ್ಪಿದೆಯೆಂಬುದನ್ನು ಬಾನೆಟ್ ತೆರೆಯುವ ಮುನ್ನ ಕಿವಿಯೇ ತಿಳಿಸಬಲ್ಲುದು.

ಇಂಜಿನ್ನು ಎಳೆದೆಳೆದು, ಉಸಿರು ಕಟ್ಟಿದವನಂತೆ ತಿರುಗುತ್ತಿದ್ದರೆ ಸಂದೇಹ ಬ್ಯಾಟರಿಯ ಮೇಲೆ. ಇಂಥ ಕಾರಿನ ಸ್ಟಾರ್ಟರು ಎಳೆಯುವ ವಿದ್ಯುತ್ತು 150 ಆಂಪಿಯರುಗಳ ಆಸುಪಾಸಿನದು. ಎರಡು ದೊಡ್ಡ ದೀಪಗಳು ಬಳಸುವುದರ ಸುಮಾರು 20 ಪಟ್ಟು. ಇಷ್ಟು ಹೊಳೆ ಹರಿಯಬೇಕಾದ ದಾರಿಯಲ್ಲಿ ಒಂದು ಸಡಿಲವಾದ ತುದಿ, ತುಕ್ಕು ಹಿಡಿದ ಒಂದು ಬೋಲ್ಟು, ಬೂದು ಬಣ್ಣದ ಕಿಲುಬು ಸಾಕು, ಹರಿವು ಅಲ್ಲೇ ತಡೆಯುತ್ತದೆ. 12 ವೋಲ್ಟಿನ ಬ್ಯಾಟರಿ ಸ್ಟಾರ್ಟರನ್ನು ತಿರುಗಿಸುವಾಗ ಸುಮಾರು ಒಂಬತ್ತೂವರೆ ವೋಲ್ಟಿಗಿಂತ ಕೆಳಗಿಳಿಯಬಾರದು. ಇಳಿದರೆ ನಷ್ಟ ಎರಡು ಬಗೆ: ಇಂಜಿನ್ನು ನಿಧಾನವಾಗಿ ತಿರುಗುತ್ತದೆ, ಕಿಡಿ ಹುಟ್ಟಿಸುವ ಕಾಯಿಲಿಗೂ ಅದೇ ಬ್ಯಾಟರಿಯ ಆಶ್ರಯವಾದುದರಿಂದ ಕಿಡಿಯೂ ಕ್ಷೀಣಿಸುತ್ತದೆ. ದೀಪ ಹಾಕಿ ಸ್ಟಾರ್ಟರು ಒತ್ತಿ ನೋಡುವುದು ಹಳೆಯ ಪರೀಕ್ಷೆ. ದೀಪ ಪೂರ್ತಿ ಕಂದಿಹೋದರೆ ಬ್ಯಾಟರಿ ಬಡವಾಗಿದೆ ಅಥವಾ ಅದರ ತುದಿಗಳು ಕೆಟ್ಟಿವೆ. ದೀಪ ಉರಿಯುತ್ತಲೇ ಇದ್ದು ಸ್ಟಾರ್ಟರು ಮೌನವಾಗಿದ್ದರೆ ಸ್ವಿಚ್ಚಿನಲ್ಲೋ ಸ್ಟಾರ್ಟರಿನಲ್ಲೋ ದೋಷವಿದೆ.

ಇಂಜಿನ್ನು ಚುರುಕಾಗಿ ತಿರುಗುತ್ತಿದೆ, ಆದರೆ ಒಂದು ಕೆಮ್ಮೂ ಇಲ್ಲ ಎಂದಾದರೆ ಕಿಡಿಯಿಲ್ಲ, ಇಲ್ಲವೇ ಪೆಟ್ರೋಲಿಲ್ಲ. ಅಂಬಾಸಿಡರಿನಂಥ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವಣ ಅಂತರ ಒಂದು ಅಂಗುಲದ ಸಾವಿರದಲ್ಲಿ 15 ಭಾಗ, ಸ್ಪಾರ್ಕ್ ಪ್ಲಗ್ಗಿನ ಅಂತರ ಸಾವಿರದಲ್ಲಿ 25 ಭಾಗ. ಕೂದಲೆಳೆಯ ಈ ಲೆಕ್ಕ ತಪ್ಪಿದರೆ ಟನ್ನಿಗೂ ಮಿಗಿಲಾದ ತೂಕದ ಕಾರು ಕದಲದು. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಕೂತ ತೇವ ಕಿಡಿಯನ್ನು ದಾರಿ ತಪ್ಪಿಸುವುದುಂಟು. ಒಣಬಟ್ಟೆಯಿಂದ ಒರೆಸಿದೊಡನೆ ಇಂಜಿನ್ನು ಏನೂ ಆಗದವರಂತೆ ಎದ್ದು ಕೂಡುತ್ತದೆ.

ಒಮ್ಮೆ ಹಿಡಿದು ಕೂಡಲೇ ಸಾಯುವ ಇಂಜಿನ್ನಿಗೆ ಸಾಮಾನ್ಯವಾಗಿ ಮಿಶ್ರಣದ ತೊಂದರೆ. ಬೆಚ್ಚಗಿನ ಇಂಜಿನ್ನಿಗೆ ತೂಕದಲ್ಲಿ 15 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಸಾಕು. ತಣ್ಣಗಿರುವಾಗ ಪೆಟ್ರೋಲಿನ ಸ್ವಲ್ಪ ಅಂಶ ಮಾತ್ರ ಆವಿಯಾಗುವುದರಿಂದ ಹೆಚ್ಚಾಗಿ ಸುರಿಯಬೇಕಾಗುತ್ತದೆ. ಚೋಕಿನ ಕೆಲಸ ಅದೇ. ಕೆಲವರು ಚೋಕನ್ನು ಮರೆತು ಪೆಡಲನ್ನು ಹತ್ತಾರು ಸಲ ತುಳಿಯುತ್ತಾರೆ. ಎಸ್.ಯು. ಕಾರ್ಬುರೇಟರಿನಲ್ಲಿ ಹಾಗೆ ತುಳಿದರೆ ಪೆಟ್ರೋಲ್ ಚಿಮ್ಮುವ ಏರ್ಪಾಡೇ ಇಲ್ಲ, ತುಳಿತ ವ್ಯರ್ಥ. ಆ ಏರ್ಪಾಡಿರುವ ಕಾರ್ಬುರೇಟರುಗಳಲ್ಲಿ ಒಂದೆರಡು ತುಳಿತಕ್ಕಿಂತ ಹೆಚ್ಚಾದರೆ ಪ್ಲಗ್ಗುಗಳು ನೆನೆದುಹೋಗುತ್ತವೆ. ಪೆಟ್ರೋಲಿನ ವಾಸನೆ ಮೂಗಿಗೆ ಬಡಿದರೆ ಚೋಕನ್ನು ಒಳಗೆ ತಳ್ಳಿ, ಪೆಡಲನ್ನು ಪೂರ್ತಿ ತುಳಿದು ಹಿಡಿದು, ಪದೇ ಪದೇ ಒತ್ತದೆ, ಗಾಳಿಯಿಂದ ಒಳಗನ್ನು ತೊಳೆಯುವಂತೆ ಸ್ಟಾರ್ಟರು ತಿರುಗಿಸಬೇಕು.

ಇಂಜಿನ್ನು ನಿಜವಾಗಿಯೂ ಸವೆದಿದೆಯೇ ಎಂಬುದಕ್ಕೂ ಹಿಡಿಕೆಯಿರುವ ಕಾರಿನಲ್ಲಿ ಸುಲಭ ಪರೀಕ್ಷೆಯಿದೆ. ಬೀಗದ ಕೈ ತೆಗೆದು, ಗೇರನ್ನು ತಟಸ್ಥದಲ್ಲಿಟ್ಟು, ಕೈಬ್ರೇಕ್ ಎಳೆದು ಹಿಡಿಕೆಯನ್ನು ಮೆಲ್ಲನೆ ತಿರುಗಿಸಿದರೆ ಎರಡು ಸುತ್ತಿನಲ್ಲಿ ನಾಲ್ಕು ಕಡೆ ಪ್ರತಿರೋಧ ಕೈಗೆ ತಿಳಿಯಬೇಕು. ನಾಲ್ಕೂ ಒಂದೇ ಸಮನಾಗಿದ್ದರೆ ಇಂಜಿನ್ನಿನ ಎದೆ ಗಟ್ಟಿಯಾಗಿದೆ. ಒಂದು ಕಡೆ ಕೈ ಸಲೀಸಾಗಿ ಜಾರಿದರೆ ಆ ಸಿಲಿಂಡರಿನ ವಾಲ್ವೋ ಪಿಸ್ಟನ್ನಿನ ರಿಂಗೋ ಕೆಟ್ಟಿದೆಯೆಂದು ತಿಳಿಯಬಹುದು.

ನಿಂತ ನೀರು, ನಿಂತ ಕಾರು

ಇಂದಿನ ಮನೆಗಳಲ್ಲಿ ಹಳೆಯ ಕಾರಿಗೆ ಓಡಾಟಕ್ಕಿಂತ ನಿಂತಿರುವುದೇ ಹೆಚ್ಚು. ದಿನದ ಕೆಲಸಕ್ಕೆ ಹೊಸ ಕಾರು; ಹಳೆಯದು ಭಾನುವಾರಕ್ಕೆ, ಹಬ್ಬಕ್ಕೆ. ಹೊಸ ಕಾರಿನಲ್ಲಿ ಪೆಟ್ರೋಲನ್ನು ಲೆಕ್ಕ ಮಾಡಿ ಚಿಮುಕಿಸುವ ಯಂತ್ರವ್ಯವಸ್ಥೆ ಇರುವುದರಿಂದ ಅದು ಒಂದು ಸೆಕೆಂಡಿನ ಆಚೀಚೆಗೆ ಎದ್ದುಬಿಡುತ್ತದೆ. ಅದನ್ನೇ ಕಂಡು ಬೆಳೆದ ಮಕ್ಕಳಿಗೆ ಹಳೆಯ ಕಾರಿನ ನಾಲ್ಕು ಸೆಕೆಂಡೂ ರೋಗದಂತೆ ತೋರುವುದು ಆಶ್ಚರ್ಯವಲ್ಲ.

ಹಳೆಯ ಕಾರಿನ ಕಾರ್ಬುರೇಟರಿನಲ್ಲಿ ಪೆಟ್ರೋಲ್ ತುಂಬಿರುವ ಒಂದು ಪುಟ್ಟ ಬಟ್ಟಲಿದೆ. ಕಾರು ನಿಂತಾಗ ಇಂಜಿನ್ನಿನ ಕಾವಿಗೆ, ಬಳಿಕ ದಿನಗಳು ಕಳೆದಂತೆ, ಬಟ್ಟಲು ಆರುತ್ತ ಹೋಗುತ್ತದೆ. ಅದನ್ನು ಮತ್ತೆ ತುಂಬಬೇಕಾದ ಪಂಪು ಇಂಜಿನ್ನಿನಿಂದಲೇ ನಡೆಯುವಂಥದಾದರೆ ಎರಡು ಸುತ್ತಿಗೆ ಒಂದೇ ಗುಟುಕು ತರುತ್ತದೆ. ಹೀಗೆ ಬಟ್ಟಲು ತುಂಬುವವರೆಗೆ ಸ್ಟಾರ್ಟರು ಬರಿದೆ ತಿರುಗಬೇಕು. ಮಾರಿಸ್ ಮೈನರಿನಂಥ ಕಾರುಗಳಲ್ಲಿದ್ದ ವಿದ್ಯುತ್ ಪಂಪು ಈ ವಿಷಯದಲ್ಲಿ ಸೌಜನ್ಯಶಾಲಿ. ಬೀಗ ತಿರುಗಿಸಿದೊಡನೆ ಟಿಕ್ ಟಿಕ್ ಎಂದು ಬಟ್ಟಲನ್ನು ತುಂಬಿ, ಸದ್ದು ನಿಲ್ಲಿಸಿ, ತಾನು ಸಿದ್ಧವೆಂದು ತಿಳಿಸುತ್ತದೆ. ಆಮೇಲೆ ಸ್ಟಾರ್ಟರು ಒತ್ತಿದರೆ ಸಾಕು.

ಈಗಿನ ಪೆಟ್ರೋಲೂ ಹಳೆಯದಲ್ಲ. 2000ದಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್ ಬಂದಿತು. 2025ರ ಹೊತ್ತಿಗೆ ಅದರಲ್ಲಿ ನೂರಕ್ಕೆ 20 ಭಾಗ ಎಥೆನಾಲ್ ಬೆರೆಯತೊಡಗಿತು. ಎಥೆನಾಲ್ ನೀರಿನ ಅಂಶವನ್ನು ಹೀರಿಕೊಳ್ಳುವ ಸ್ವಭಾವದ್ದು. ಅದನ್ನು ಅರಿಯದ ಕಾಲದ ರಬ್ಬರ್ ಕೊಳವೆಗಳನ್ನೂ ಪಂಪಿನ ಪೊರೆಗಳನ್ನೂ ಅದು ಕೆಡಿಸಬಲ್ಲುದು. ಬಿರುಕು ಬಿಟ್ಟ ಕೊಳವೆ ಪೆಟ್ರೋಲಿಗೆ ಬದಲಾಗಿ ಗಾಳಿಯನ್ನೆಳೆಯುತ್ತದೆ. ಹಳೆಯ ಕೊಳವೆಗಳನ್ನು ಎಥೆನಾಲ್ ತಾಳುವ ಹೊಸವುಗಳಿಂದ ಬದಲಿಸಿಕೊಳ್ಳುವುದು ಇಂಥ ಮನೆಗಳಿಗೆ ಅಗ್ಗದ ವಿಮೆ.

ಬೇಸಗೆಯ ಕಥೆ ಬೇರೆ. ಚೈತ್ರ ವೈಶಾಖಗಳಲ್ಲಿ ಆಗುಂಬೆಯನ್ನೋ ಚಾರ್ಮಾಡಿಯನ್ನೋ ಹತ್ತಿ ಬಂದು, ಎಳನೀರಿಗೆಂದು ಹತ್ತು ನಿಮಿಷ ನಿಲ್ಲಿಸಿದ ಕಾರು ಮತ್ತೆ ಏಳಲೊಲ್ಲದು. ಬೀಸಣಿಗೆ ನಿಂತೊಡನೆ ಇಂಜಿನ್ನಿನ ಕಾವು ಮೇಲಕ್ಕೇರಿ ಕೊಳವೆಯಲ್ಲೂ ಬಟ್ಟಲಲ್ಲೂ ಪೆಟ್ರೋಲನ್ನು ಕುದಿಸಿರುತ್ತದೆ. ಇಲ್ಲಿ ಚೋಕ್ ಎಳೆಯುವುದು ಅಪಥ್ಯ. ಬಾನೆಟ್ ತೆರೆದು ಕಾಲುಗಂಟೆ ಗಾಳಿಯಾಡಲು ಬಿಡುವುದು, ಪಂಪಿನ ಮೇಲೆ ಒದ್ದೆಬಟ್ಟೆ ಹಾಕುವುದು ಘಟ್ಟದ ದಾರಿಯ ಚಾಲಕರ ಅನುಭವದಿಂದ ಬಂದ ಚಿಕಿತ್ಸೆ.

ಹಠಕ್ಕೆ ಹಠ ಸಲ್ಲದು

ಏಳದ ಇಂಜಿನ್ನಿನೊಡನೆ ಹಠಮಾಡುವವರು ಕಳೆದುಕೊಳ್ಳುವುದು ಸಮಯವನ್ನಷ್ಟೇ ಅಲ್ಲ. ಒಂದು ನಿಮಿಷ ಸ್ಟಾರ್ಟರು ತಿರುಗಿಸಿ ಖರ್ಚು ಮಾಡಿದ ವಿದ್ಯುತ್ತನ್ನು ಹಳೆಯ ಡೈನಮೋ ಹಿಂದಿರುಗಿಸಲು ಕಾಲುಗಂಟೆಗೂ ಹೆಚ್ಚು ಚೆನ್ನಾಗಿ ಓಡಬೇಕು. ಮಾರುಕಟ್ಟೆಯವರೆಗಿನ ಓಡಾಟದಿಂದ ಆ ಸಾಲ ತೀರದು. ಸ್ಟಾರ್ಟರಿನ ತಂತಿಗಳು ಕಾಯುತ್ತವೆ. ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು, ತಳದ ಎಣ್ಣೆಯನ್ನು ತೆಳುವಾಗಿಸುತ್ತದೆ. ಆದುದರಿಂದ ಒಮ್ಮೆಗೆ 10 ಸೆಕೆಂಡು ಮೀರಬಾರದು. ನಡುನಡುವೆ ಅರ್ಧದಿಂದ ಒಂದು ನಿಮಿಷ ಬಿಡುವು ಕೊಡಬೇಕು. ಮೂರು ನಾಲ್ಕು ಸಲಕ್ಕೂ ಏಳದಿದ್ದರೆ ಕೈಬಿಟ್ಟು ಕಾರಣ ಹುಡುಕಬೇಕು.

ಬಾಟಲಿಯಿಂದ ಕಾರ್ಬುರೇಟರಿನ ಬಾಯಿಗೆ ಪೆಟ್ರೋಲ್ ಹನಿಸಿ ಎಬ್ಬಿಸುವ ಸಾಹಸವನ್ನು ಮನೆಯಲ್ಲಿ ಯಾರೂ ಮಾಡತಕ್ಕದ್ದಲ್ಲ. ಇಂಜಿನ್ನು ಹಿಂದಕ್ಕೆ ಸೀನಿದರೆ ಬೆಂಕಿ ಕೈಯಲ್ಲಿರುವ ಬಾಟಲಿಗೇ ಬರುತ್ತದೆ. ಷೆಡ್ಡಿನ ಬಾಗಿಲು ಮುಚ್ಚಿಕೊಂಡು ಇಂಜಿನ್ನು ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಕರುಣೆಯೂ ಇಲ್ಲ. ಹಿಡಿಕೆಯಿಂದ ಎಬ್ಬಿಸುವಾಗ ಹೆಬ್ಬೆರಳನ್ನು ಹಿಡಿಕೆಗೆ ಸುತ್ತದೆ ಉಳಿದ ಬೆರಳುಗಳ ಪಕ್ಕದಲ್ಲೇ ಇರಿಸಿಕೊಂಡು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಮೇಲಿನಿಂದ ಒತ್ತಿ ತುಳಿಯುವವರ ಮಣಿಕಟ್ಟು ಅಪಾಯದಲ್ಲಿರುತ್ತದೆ.

ಇನ್ನು ಮೈಸೂರಿನ ಆ ಮನೆಗೆ ಹಿಂದಿರುಗಬಹುದು. ಬೀದಿಯ ಕೊನೆಯಲ್ಲಿ ಸಣ್ಣ ಗ್ಯಾರೇಜಿಟ್ಟಿರುವ ವೃದ್ಧ ಮೇಸ್ತ್ರಿ ಬಂದನು. ಅವನು ಬಾನೆಟ್ ಎತ್ತುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಬೆಳಿಗ್ಗೆ ಹೀಗೆ ಅಳುತ್ತದಲ್ಲ, ಸ್ವಾಮಿ, ಮಧ್ಯಾಹ್ನ ಮತ್ತೆ ತೆಗೆದರೆ ಹೇಗೆ?"

"ಮಧ್ಯಾಹ್ನ ಬೀಗ ತಿರುಗಿಸುವುದೇ ತಡ, ಹಿಡಿಯುತ್ತದೆ" ಎಂದರು ಯಜಮಾನರು.

ಮೇಸ್ತ್ರಿ ಪಂಪಿನ ಪಕ್ಕದ ಪುಟ್ಟ ಸನ್ನೆಯನ್ನು ಬೆರಳಿನಿಂದ ಇಪ್ಪತ್ತು ಮೂವತ್ತು ಸಲ ಆಡಿಸಿದನು. ಸನ್ನೆ ಹಗುರಾದಾಗ ಬಟ್ಟಲು ತುಂಬಿತೆಂದು ತಿಳಿದು, "ಈಗ ಒತ್ತಿ" ಎಂದನು. ಇಂಜಿನ್ನು ಎರಡು ಸೆಕೆಂಡಿನಲ್ಲಿ ಹಿಡಿಯಿತು. ಮಗನು ಷೆಡ್ಡಿನ ಬಾಗಿಲಿನಿಂದ ಒಳಗೆ ಬಂದನು.

"ಇಂಜಿನ್ನಿಗೆ ಏನೂ ಆಗಿಲ್ಲ, ಸ್ವಾಮಿ. ಬೆಳಿಗ್ಗೆ ಅದಕ್ಕೆ ಅನ್ನ ಹೋಗುತ್ತಿಲ್ಲ, ಅಷ್ಟೆ" ಎಂದು ಮೇಸ್ತ್ರಿ ಟ್ಯಾಂಕಿನ ಕಡೆಯಿಂದ ಬರುವ ರಬ್ಬರ್ ಕೊಳವೆಯನ್ನು ಬಗ್ಗಿಸಿ ತೋರಿಸಿದನು. ಅದರ ಮೈತುಂಬ ಬಿರುಕು. ವಾರವೆಲ್ಲ ನಿಂತಾಗ ಬಟ್ಟಲು ಆರುತ್ತಿತ್ತು. ಕೊಳವೆಯಲ್ಲಿದ್ದುದೂ ಟ್ಯಾಂಕಿಗೆ ಹಿಂದೆ ಸರಿಯುತ್ತಿತ್ತು. ಗೇಣುದ್ದದ ಒಂದು ಕೊಳವೆಯ ತಪ್ಪಿಗೆ ಐವತ್ತು ವರ್ಷ ಮನೆಯವರನ್ನೆಲ್ಲ ಹೊತ್ತ ಕಾರು ಗುಜರಿಯ ದಾರಿ ಹಿಡಿಯುವುದರಲ್ಲಿತ್ತು.

ಹಳೆಯ ಕಾರುಳ್ಳ ಮನೆಗಳು ಒಂದು ಚಿಕ್ಕ ಅಭ್ಯಾಸವನ್ನಿಟ್ಟುಕೊಳ್ಳಬಹುದು. ಕಾರು ತೆಗೆಯುವಾಗಲೆಲ್ಲ ಮನಸ್ಸಿನಲ್ಲಿ ಸೆಕೆಂಡುಗಳನ್ನೆಣಿಸಿ, ಗೋಡೆಯ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆದಿಡುವುದು. ಮೂರು ಮೂರಾಗಿಯೇ ಇರುವವರೆಗೆ ಚಿಂತೆಯಿಲ್ಲ. ಮೂರು ಐದಾಗಿ, ಐದು ಎಂಟಾಗುತ್ತ ಬಂದರೆ ಕಾರು ಪೂರ್ತಿ ನಿಲ್ಲುವ ದಿನಕ್ಕಾಗಿ ಕಾಯದೆ ಮೇಸ್ತ್ರಿಗೆ ಹೇಳಿಕಳುಹಿಸತಕ್ಕದ್ದು. ಆ ಮೈಸೂರಿನ ಮನೆಯಲ್ಲಿ ಈಗ ಈ ಲೆಕ್ಕ ಬರೆಯುವವನು ಮಗನೇ, ಊರಿಗೆ ಮರಳಿದ ಮೇಲೂ ಭಾನುವಾರ ಬೆಳಿಗ್ಗೆ ತಂದೆಗೆ ಫೋನು ಮಾಡಿ, "ಇವತ್ತು ಎಷ್ಟು, ಅಪ್ಪ?" ಎಂದು ಕೇಳಿ ತಿಳಿದುಕೊಳ್ಳುತ್ತಾನೆ.